ಟೆಂಡರ್ ಹಾಕಿದವರ ಪೈಕಿ ಒಬ್ಬರು

ಖರೀದಿ ಸಮಿತಿಯ ಸಭೆ ಶುರುವಾಗುವ ಮುಂಚೆ ನಿರ್ದೇಶಕ ಪಂಚಾಕ್ಷರಿಯವರು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದರು. ಕನ್ನಡಕ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಕೇಳುವ ಪ್ರಶ್ನೆ ಅದು. "ಟೆಂಡರ್ ಹಾಕೋರ ಜೊತೆ ಯಾರಿಗಾದ್ರೂ ಏನಾದ್ರೂ ಸಂಬಂಧ ಇದೆಯೇನ್ರಪ್ಪಾ?" ಮೇಜಿನ ಸುತ್ತ ಕೂತವರೆಲ್ಲ ಶಾಲೆಯ ಹಾಜರಿಯ ರಾಗದಲ್ಲಿ "ಇಲ್ಲ ಸಾರ್" ಅನ್ನುತ್ತಿದ್ದರು. ಶ್ಯಾಮಣ್ಣ ಅದನ್ನು ಬರೆದುಕೊಳ್ಳುತ್ತಿದ್ದ. ಆಮೇಲೆ ಬಿಸ್ಕತ್ತಿನ ತಟ್ಟೆ ಒಳಗೆ ಬರುತ್ತಿತ್ತು.

ಆ ಆಷಾಢದ ಸಭೆಯಲ್ಲಿ ನಿವೇದಿತಾ ಕೂಡ ಎಲ್ಲರ ಜೊತೆ "ಇಲ್ಲ ಸಾರ್" ಅಂದಿದ್ದಳು. ಅಂದದ್ದು ನಿಜವೂ ಆಗಿತ್ತು. ಟೆಂಡರ್ ಇನ್ನೂ ಹೊರಬಿದ್ದಿರಲಿಲ್ಲ. ಯಾರು ಹಾಕುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೊಳವೆಬಾವಿ ನೀರು ಪರೀಕ್ಷಿಸುವ ಒಂದು ಸರ್ಕಾರಿ ನಿಗಮದ ತಾಂತ್ರಿಕ ಅಧಿಕಾರಿ. ದಾವಣಗೆರೆಯಲ್ಲಿ ಭೌತಶಾಸ್ತ್ರ ಓದಿ ಬಂದವಳು. ನಿಗಮದ ಪ್ರಯೋಗಾಲಯಕ್ಕೆ ಪೀಣ್ಯದಿಂದ, ಬೊಮ್ಮಸಂದ್ರದಿಂದ, ಊರ ಸುತ್ತಿನ ಬಡಾವಣೆಗಳಿಂದ ಬಾಟಲಿಗಳಲ್ಲಿ ನೀರು ಬರುತ್ತಿತ್ತು. ಲೇಬಲ್ಲನ್ನು ಕೈಯಲ್ಲಿ ಬರೆದು, ಫಲಿತಾಂಶವನ್ನು ಮೂರು ಕಡೆ ಬರೆದು, ನಾಲ್ಕನೆಯ ಕಡೆ ಟೈಪ್ ಮಾಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಬಾಗಲಗುಂಟೆಯ ಒಂದು ಬೀದಿಯ ನೀರು ಕುಡಿಯಲು ಯೋಗ್ಯವಲ್ಲ ಎಂಬ ವರದಿ ಪಕ್ಕದ ಬೀದಿಗೆ ಹೋಗಿತ್ತು. ಒಳ್ಳೆಯ ನೀರಿದ್ದವರು ವಾರಗಟ್ಟಲೆ ಟ್ಯಾಂಕರ್ ತರಿಸಿಕೊಂಡರು. ಕೆಟ್ಟ ನೀರಿದ್ದವರು ಅದನ್ನೇ ಕುಡಿದರು. ನಿವೇದಿತಾ ಆ ಬೀದಿಗೆ ತಾನೇ ಹೋಗಿ ಮನೆಮನೆಗೆ ತಿಳಿಸಿ ಬಂದಿದ್ದಳು. ಬಂದ ಮೇಲೆ, ಬಾಟಲಿಯನ್ನು ಬಾವಿಯಿಂದ ವರದಿಯವರೆಗೆ ತಪ್ಪದೆ ಹಿಂಬಾಲಿಸುವ ಒಂದು ತಂತ್ರಾಂಶ ಬೇಕೇಬೇಕೆಂದು ಹಟ ಹಿಡಿದಳು.

ಖರೀದಿ ವಿಭಾಗದ ಸೂಪರಿಂಟೆಂಡೆಂಟ್ ಶ್ಯಾಮಣ್ಣನಿಗೆ ಇದು ಅರ್ಧ ದಿನದ ಕೆಲಸ. ಅವನು ಸಿಂಗಸಂದ್ರದ ಮೂಲ ರೈತರ ಮನೆಯವನು. ಹೊಲವಿದ್ದ ಜಾಗದಲ್ಲಿ ಈಗ ಅವನದೇ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡವಿತ್ತು. "ಅಳೇ ಟೆಂಡರ್ ಐತಲ್ಲ ಮೇಡಂ. ಎಸ್ರು, ತಾರೀಕು ಬದಲಾಯ್ಸಿ ಆಕ್ಬುಡಣ. ಆಡಿಟ್ನೋರು ಒಂದ್ಸಲ ಒಪ್ಪವ್ರೆ, ಇನ್ನೊಂದ್ಸಲ ಒಪ್ದೆ ಇರ್ತಾರಾ?" ಅಂದ.

"ಆ ಟೆಂಡರಿಂದ ಬಂದ ಸಾಮಾನು ಎಲ್ಲಿದೆ ಶ್ಯಾಮಣ್ಣ?"

"ಯಾಕೆ, ಬೀರು ಅಲ್ಲೇ ಐತಲ್ಲ. ಗಟ್ಟಿಮುಟ್ಟಾಗೈತೆ."

ಅವನು ಬೀರು ಅನ್ನುತ್ತಿದ್ದದ್ದು ಸರ್ವರುಗಳನ್ನಿಡುವ ಕಬ್ಬಿಣದ ಗೂಡಿಗೆ. ಹಿಂದೆ ದೊಡ್ಡ ಕಂಪನಿಯೊಂದರಿಂದ ಅದನ್ನೂ ಅದರ ಜೊತೆ ಇನ್ನೂ ಏನೇನನ್ನೋ ಒಟ್ಟಿಗೆ ಕೊಂಡಿದ್ದರು. ಎಲ್ಲ ಬಂದು ಜೋಡಣೆಯಾಗುವಷ್ಟರಲ್ಲಿ ಪ್ರಯೋಗಾಲಯದ ಕೆಲಸದ ರೀತಿಯೇ ಬದಲಾಗಿತ್ತು. ಈಗ ಆ ಗೂಡಿನಲ್ಲಿ ಆಯುಧಪೂಜೆಯ ಬಣ್ಣದ ಕಾಗದ, ಸೀರಿಯಲ್ ಸೆಟ್ಟು ಇದ್ದವು.

ನಿವೇದಿತಾ ಹೊಸದಾಗಿ ಬರೆದಳು. ಯಾವ ಯಂತ್ರ ಬೇಕೆಂದಲ್ಲ, ಯಾವ ಕೆಲಸ ಆಗಬೇಕೆಂದು ಬರೆದಳು. ಎಲ್ಲ ಪ್ರಯೋಗಾಲಯಗಳಿಗೆ ಒಮ್ಮೆಗೇ ಬೇಡ, ಮೊದಲು ಒಂದಕ್ಕೆ ಸಾಕು. ಟೆಂಡರ್ ಹಾಕಿದವರು ನಮ್ಮಲ್ಲಿಗೇ ಬಂದು, ನಮ್ಮವೇ ಬಾಟಲಿಗಳ ಮೇಲೆ ಎರಡು ವಾರ ನಡೆಸಿ ತೋರಿಸಲಿ. ಸರ್ವರ್ ಕೊಳ್ಳುವುದೇ ಬೇಡ, ಸರ್ಕಾರದ್ದೇ ಇದೆ. ವರ್ಷಕ್ಕೆ ಕೋಟಿಗಟ್ಟಲೆ ವಹಿವಾಟಿರುವವರೇ ಬರಬೇಕೆಂಬ ಹಳೆಯ ಷರತ್ತನ್ನು ತೆಗೆದುಹಾಕಿದಳು. ಸಣ್ಣವರಲ್ಲೂ ಕೆಲಸ ಬಲ್ಲವರಿದ್ದಾರೆ ಅಂತ ಕಾರಣ ಕೊಟ್ಟಳು. ಆ ಕಾರಣ ಬರೆಯುವಾಗ ಅಮರೇಶ್ ಮನಸ್ಸಿನಲ್ಲಿರಲಿಲ್ಲ. ಇರಲಿಲ್ಲವೆಂದೇ ಅವಳು ನಂಬಿದ್ದಳು.

ಅಮರೇಶ್ ಇದ್ದದ್ದು ಸಿಂಗಸಂದ್ರದಲ್ಲಿ ಅವಳದೇ ಅಪಾರ್ಟ್‌ಮೆಂಟಿನ ಎದುರು ಬ್ಲಾಕಿನಲ್ಲಿ. ಸಿಂಧನೂರಿನ ಕಡೆಯವನು. ಮದುವೆ ಮುರಿದು ಬಹಳ ವರ್ಷವಾಗಿತ್ತು. ಆ ವಿಷಯ ಅವನಾಗಿ ಎತ್ತುತ್ತಿರಲಿಲ್ಲ, ನಿವೇದಿತಾಳೂ ಕೇಳುತ್ತಿರಲಿಲ್ಲ. ಅಪಾರ್ಟ್‌ಮೆಂಟಿಗೆ ಬರುವ ನೀರಿನ ಟ್ಯಾಂಕರುಗಳ ಲೆಕ್ಕ ಸರಿಹೊಂದುತ್ತಿಲ್ಲವೆಂದು ಸಂಘದಲ್ಲಿ ಜಗಳವಾದಾಗ ಇಬ್ಬರೂ ಸೇರಿ ಅದನ್ನು ಸರಿಮಾಡಿದ್ದರು. ಆ ಕೆಲಸ ಮುಗಿದ ಮೇಲೂ ಅವನು ಭಾನುವಾರ ಬರುತ್ತಲೇ ಇದ್ದ. ನಿವೇದಿತಾಳ ತಾಯಿ ಮಹಾಂತಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವನು ಒಲೆಯ ಹತ್ತಿರವೇ ಕುರ್ಚಿ ಎಳೆದುಕೊಂಡು, ಬಿಸಿ ರೊಟ್ಟಿಯನ್ನು ಹೆಂಚಿನಿಂದ ಸೀದಾ ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದ. ನಿವೇದಿತಾ ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತ ಇಬ್ಬರ ಮಾತು ಕೇಳುತ್ತಿದ್ದಳು. ವಾರದಲ್ಲಿ ಅವಳು ಅಷ್ಟು ಸುಮ್ಮನಿದ್ದು ಅಷ್ಟು ಖುಷಿಯಾಗಿರುತ್ತಿದ್ದ ಹೊತ್ತು ಇನ್ನೊಂದಿರಲಿಲ್ಲ.

ಶ್ರಾವಣದ ಅಂಥ ಒಂದು ಭಾನುವಾರ ಅವನು ಹೇಳಿದ, "ನಿಮ್ಮ ನಿಗಮದ ಟೆಂಡರ್ ನೋಡಿದೆ ರೀ. ಬಾಟಲಿದು. ನಮ್ಮಂಥೋರೂ ಹಾಕಬಹುದಲ್ಲ!"

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಹಾಕ್ತೀರಾ?"

"ಹಾಕಬಾರದಾ?"

ಕೂಡ್ಲು ಗೇಟಿನ ಹತ್ತಿರ ಒಂದು ಬೇಕರಿಯ ಮಹಡಿಯಲ್ಲಿ ಎಂಟು ಜನರ ತಂತ್ರಾಂಶದ ಕಂಪನಿ ಅವನದು. ದೊಡ್ಡವರು ಹಿಡಿದ ಕೆಲಸವನ್ನು ಅವರ ಕೈಕೆಳಗೆ ಮಾಡಿಕೊಡುತ್ತಿದ್ದ. ಅವನು ಮಾಡಿದ್ದು ಹಲವು ಕಚೇರಿಗಳಲ್ಲಿ ನಡೆಯುತ್ತಿತ್ತು, ಎಲ್ಲೂ ಅವನ ಹೆಸರಿರಲಿಲ್ಲ. ತನ್ನ ಹೆಸರಿನಲ್ಲಿ ಒಂದೇ ಒಂದು ಕೆಲಸವಾಗಬೇಕೆಂದು ಅವನು ಎಷ್ಟೋ ಸಲ ಹೇಳಿದ್ದನ್ನು ಅವಳು ಕೇಳಿದ್ದಳು.

"ಹಾಕಿ," ಅಂದಳು. "ಆದ್ರೆ ಆ ಟೆಂಡರ್ ಬರೆದದ್ದು ನಾನು. ಅಂಕ ಹಾಕೋಳೂ ನಾನು. ಆರ್ಡರ್ ಆಗೋವರೆಗೂ ನಾವು ಮಾತಾಡೋ ಹಾಗಿಲ್ಲ. ನೀವು ಇಲ್ಲಿಗೆ ಬರೋ ಹಾಗೂ ಇಲ್ಲ."

"ರೊಟ್ಟಿಗೂ ನಿರ್ಬಂಧ ಏನ್ರೀ?"

"ರೊಟ್ಟಿ ಬಡಿಯೋಳು ನಾನು, ಸರ್ಕಾರ ಅಲ್ಲ," ಅಂದರು ಮಹಾಂತಮ್ಮ ಒಲೆಯ ಕಡೆಯಿಂದ. "ನೀ ಬಾರಪ್ಪ. ಅಕಿ ಹಿಂಗ, ಕಾಯ್ದೆ ಪುಸ್ತಕ."

ಅವನು ನಕ್ಕ. ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾತ್ರ ನಗು ಇರಲಿಲ್ಲ. "ಎಷ್ಟು ದಿನ ಆಗ್ತದ?"

"ಎರಡು ತಿಂಗಳು."

"ಆಗ್ಲಿ," ಅಂದ.

ಎರಡು ತಿಂಗಳು ಅವಳು ಪ್ರಾಮಾಣಿಕವಾಗಿ ಮಾಡಿದ ಅಂದಾಜು. ಆದರೆ ಟೆಂಡರ್ ಹಾಕುವ ಪೋರ್ಟಲ್ ಕೆಟ್ಟಿತೆಂದು ಒಂದು ಸಲ ತಾರೀಕು ಮುಂದೆ ಹೋಯಿತು. ದಸರೆ, ದೀಪಾವಳಿಯ ರಜೆಗಳೆಂದು ಮತ್ತೊಂದು ಸಲ. ಒಂದು ಸಾಲು ತಿದ್ದುವುದಿದೆಯೆಂದು ಇನ್ನೊಂದು ಸಲ. ಪ್ರತಿ ಸಲ ಹೊಸ ತಾರೀಕಿನ ಪ್ರಕಟಣೆಗೆ ಸಹಿ ಹಾಕುವವಳು ಅವಳೇ. ಸಹಿ ಹಾಕುವಾಗ ಇನ್ನಷ್ಟು ಭಾನುವಾರಗಳು ಹೋದವಲ್ಲ ಅನ್ನಿಸುತ್ತಿತ್ತು.

ಅವನು ಮಾತನ್ನು ಅವಳು ಬಯಸಿದ್ದಕ್ಕಿಂತ ಚೆನ್ನಾಗಿ ಉಳಿಸಿಕೊಂಡ. ಸಂಜೆ ವಾಕಿಂಗ್ ಬಿಟ್ಟು ಬೆಳಗ್ಗೆ ಹೋಗತೊಡಗಿದ. ಸಂಘದ ಮೊಬೈಲ್ ಗುಂಪಿನಲ್ಲಿ ಅವಳು ಏನಾದರೂ ಬರೆದರೆ ಬೇರೆಯವರೆಲ್ಲ ಉತ್ತರಿಸುತ್ತಿದ್ದರು, ಅವನೊಬ್ಬ ಇಲ್ಲ. ಮಹಾಂತಮ್ಮ ಮಗಳಿಗೆ ಹೇಳದೆ ಕಾವಲುಗಾರನ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಕಳಿಸಿದರು. ಡಬ್ಬಿ ಹೋದ ಹಾಗೇ ತುಂಬಿಕೊಂಡು ವಾಪಸ್ಸು ಬಂತು. "ಆರ್ಡರ್ ಆದ್ಮೇಲೆ ತಗೋತೀನಿ ಅಂದ್ರು ಅಮ್ಮ," ಅಂದ ಕಾವಲುಗಾರ.

ಮಹಾಂತಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಟ್ಟಿದರು. "ಎಲ್ಲಿಂದ ಹುಡುಕಿದ್ಯವ್ವಾ ಇವನ್ನ? ನಿನಗಿಂತ ಒಂದು ಕೈ ಮ್ಯಾಲೇ ಅದಾನ."

"ನಾನೆಲ್ಲಿ ಹುಡುಕಿದೆ?"

"ಹೌದು, ನೀ ಎಲ್ಲಿ ಹುಡುಕ್ತಿ! ತಾನಾಗಿ ಬಂದವನ್ನ ಕಳಿಸ್ದಿ."

ಟೆಂಡರಿನ ಬಗ್ಗೆ ಯಾರಿಗೆ ಏನು ಸಂದೇಹವಿದ್ದರೂ ಎಲ್ಲರೆದುರು ಕೇಳಲೆಂದು ಕಚೇರಿಯಲ್ಲಿ ಒಂದು ಸಭೆ ನಡೆಯಿತು. ಬಿಗಿಯಾದ ಶರ್ಟಿನ ದೊಡ್ಡ ಕಂಪನಿಯವರ ನಡುವೆ ಅಮರೇಶ್ ಕೊನೆಯ ಸಾಲಿನಲ್ಲಿ ಕೂತಿದ್ದ. ಎದ್ದು ನಿಂತು ಕೇಳಿದ, "ಮೇಡಂ, ಬಾಟಲಿ ತರೋರಿಗೆ ಕೈಯಲ್ಲಿ ಗ್ಲೌಸ್ ಇರ್ತದೆ. ಮೊಬೈಲ್ ಒತ್ತೋಕೆ ಆಗಲ್ಲ. ಅದನ್ನ ಯಾರಾದ್ರೂ ನೋಡಿದೀರಾ?" ಯಾರೂ ನೋಡಿರಲಿಲ್ಲ. ಅವಳು, ಪರಿಶೀಲಿಸಿ ಎಲ್ಲರಿಗೂ ಲಿಖಿತವಾಗಿ ಉತ್ತರಿಸಲಾಗುವುದು ಅಂದಳು. ಆ ವಾಕ್ಯ ಹೇಳುವಾಗ ಅವನ ಮುಖದ ಬದಲು ಅವನ ಹಿಂದಿನ ಗೋಡೆಯನ್ನು ನೋಡಿದಳು. ಅವನು "ಥ್ಯಾಂಕ್ಯೂ ಮೇಡಂ" ಅಂತ ಕೂತ. ಆ ಮೇಡಂ ಅನ್ನುವುದನ್ನು ಅವಳು ಸಂಜೆಯವರೆಗೆ ಹೊತ್ತುಕೊಂಡು ತಿರುಗಿದಳು.

ಡಿಸೆಂಬರಿನಲ್ಲಿ ಕೊನೆಗೂ ಮೂರು ಕಂಪನಿಗಳು ಪ್ರಯೋಗಾಲಯಕ್ಕೆ ಬಂದು ತಮ್ಮ ತಮ್ಮ ತಂತ್ರಾಂಶ ನಡೆಸಿ ತೋರಿಸತೊಡಗಿದವು. ಒಂದೇ ಬಾಟಲಿಗಳು, ಒಂದೇ ಹಳೆಯ ಕಂಪ್ಯೂಟರು, ಒಂದೇ ಸಿಬ್ಬಂದಿ. ನಿವೇದಿತಾ ಯಾರಿಗೂ ಹೇಳದೆ ಒಂದು ಬಾಟಲಿಗೆ ಬೇಕೆಂದೇ ತಪ್ಪು ಲೇಬಲ್ ಅಂಟಿಸಿ ನಡುವೆ ಸೇರಿಸಿದ್ದಳು. ಎರಡು ಕಂಪನಿಗಳ ತಂತ್ರಾಂಶ ಅದನ್ನು ಸುಮ್ಮನೆ ನುಂಗಿತು. ಅಮರೇಶನದು ನಿಂತು ಕೇಳಿತು: ಈ ಬಾವಿಯ ನೀರು ಯಾವತ್ತೂ ಇಷ್ಟು ಗಡಸಾಗಿರಲಿಲ್ಲ, ಲೇಬಲ್ ಇನ್ನೊಮ್ಮೆ ನೋಡುತ್ತೀರಾ? ಪರದೆಯ ಮೇಲೆ ಆ ಸಾಲು ಬಂದಾಗ ಅವಳಿಗೆ ಬಾಗಲಗುಂಟೆಯ ಬೀದಿ ನೆನಪಾಯಿತು. ಅವನು ಎರಡು ಕುರ್ಚಿಗಳ ಆಚೆ, ತನ್ನ ಹುಡುಗರ ಹಿಂದೆ ಕೈಕಟ್ಟಿ ನಿಂತಿದ್ದ. ತೆಳ್ಳಗಾಗಿದ್ದ. ಶರ್ಟಿನ ಕಾಲರು ಸವೆದಿತ್ತು. ಭಾನುವಾರ ಎಲ್ಲಿ ಊಟ ಮಾಡುತ್ತಾನೋ ಅನ್ನಿಸಿತು. ಪ್ರಯೋಗಾಲಯದ ಮುಖ್ಯಸ್ಥೆ ಉಮಾಶ್ರೀ ಪಕ್ಕದಲ್ಲೇ ಇದ್ದರು. ನಿವೇದಿತಾ "ಮುಂದಿನ ಬಾಟಲಿ" ಅಂದಳು, ಅಷ್ಟೇ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಕೂತು ಅಂಕ ಹಾಕಿದಳು. ಒಂದೊಂದು ಕಂಪನಿಗೂ ಒಂದೊಂದು ಹಾಳೆ. ಅಮರೇಶನ ಕಂಪನಿಯೇ ಮೊದಲು ಬಂತು, ಆದರೆ ಕೂದಲೆಳೆಯಷ್ಟೇ ಮುಂದಿತ್ತು. ಸರಿಯಾಗಿದೆ ಅಂದುಕೊಂಡಳು. ಅಭ್ಯಾಸಬಲದಿಂದ ಇನ್ನೊಮ್ಮೆ ಪರೀಕ್ಷಿಸಲು ಮೂರೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅಡ್ಡಕ್ಕೆ ಓದಿದಳು. ಆಗ ಕಂಡಿತು. ಹಳೆಯ ಕಂಪ್ಯೂಟರಿನಲ್ಲಿ ಅಮರೇಶನ ತಂತ್ರಾಂಶ ನಿಧಾನವಾಯಿತೆಂದು ಅಂಕ ಕಳೆದಿದ್ದಳು. ಇನ್ನೊಂದು ಕಂಪನಿಯದು ಅಷ್ಟೇ ನಿಧಾನವಾಗಿತ್ತು. ಅದಕ್ಕೆ ಕಳೆದದ್ದು ಅರ್ಧ. ತರಬೇತಿಯ ಸಾಲಿನಲ್ಲೂ ಹಾಗೇ. ಕೈಪಿಡಿಯ ಸಾಲಿನಲ್ಲೂ ಹಾಗೇ. ಎಲ್ಲೆಲ್ಲಿ ಸಂಶಯಕ್ಕೆ ಎಡೆಯಿತ್ತೋ ಅಲ್ಲೆಲ್ಲ ಅವಳ ಪೆನ್ಸಿಲು ಅಪರಿಚಿತರಿಗೆ ಒಲಿದಿತ್ತು, ಅವನಿಗೆ ಬಿಗಿಯಾಗಿತ್ತು.

ತಿದ್ದಿದಳು. ತಿದ್ದಿದ ಮೇಲೆ, ತಿದ್ದಿಸಿದ್ದು ನ್ಯಾಯವೋ ಆಸೆಯೋ ಎಂಬ ಅನುಮಾನ ಬಂತು. ಅಳಿಸಿ ಮೊದಲಿದ್ದುದನ್ನೇ ಬರೆದಳು. ಮತ್ತೆ ತಿದ್ದಿದಳು. ಕಾಗದ ಆ ಜಾಗದಲ್ಲಿ ನವೆದು ತೆಳುವಾಯಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಯಾವ ಉಪಕರಣ ಹಿಡಿದರೂ ಮೊದಲು ಅದು ಸೊನ್ನೆಯಿಂದ ಎಷ್ಟು ಸರಿದಿದೆ ಎಂದು ನೋಡುತ್ತಿದ್ದರು. ಎಷ್ಟು, ಯಾವ ಕಡೆಗೆ ಎಂದು ಗೊತ್ತಾದರೆ ಸಾಕು, ಲೆಕ್ಕದಲ್ಲಿ ಸರಿಮಾಡಬಹುದು. ಅವಳಿಗೆ ತಾನು ಯಾವ ಕಡೆಗೆ ಸರಿದಿದ್ದೇನೆ ಎಂದೇ ತಿಳಿಯಲಿಲ್ಲ. ಅವನ ಕಡೆಗೂ, ಅವನಿಂದ ದೂರಕ್ಕೂ, ಎರಡೂ ಕಡೆ ಸರಿದಿದ್ದಳು. ಇಷ್ಟು ದಿನ ಮಾತು ಬಿಟ್ಟರೆ ಸಾಕು, ಶುದ್ಧವಾಗಿದ್ದ ಹಾಗೆ ಅಂದುಕೊಂಡಿದ್ದಳಲ್ಲ! ಮಾತು ಬಿಟ್ಟದ್ದು ಬಾಯಿ ಮಾತ್ರ.

ಮಹಾಂತಮ್ಮ ಕಾಫಿ ತಂದಿಟ್ಟು ಹಾಳೆಗಳನ್ನು ನೋಡಿದರು. "ಪಾಸೋ ಫೇಲೋ?"

"ಯಾರು?"

"ಇನ್ಯಾರು, ರೊಟ್ಟಿ ತಿನ್ನಾಂವ."

"ಗೆದ್ದರೆ ಇನ್ನೂ ಮೂರು ವರ್ಷ ಮಾತಾಡೋ ಹಾಗಿಲ್ಲ ಅಮ್ಮ. ಕರಾರು ಮುಗಿಯೋವರೆಗೂ ಅವರ ಬಿಲ್ಲಿಗೆಲ್ಲ ನಾನೇ ಸಹಿ ಹಾಕಬೇಕು."

ಮಹಾಂತಮ್ಮ ಕುರ್ಚಿ ಎಳೆದುಕೊಂಡು ಕೂತರು. ತಮಾಷೆಯ ಮಾತು ನಿಂತುಹೋಯಿತು. "ಮೂರು ವರ್ಷ," ಅಂದರು. "ನಿಮ್ಮ ಆಫೀಸ್ನಾಗ ಬ್ಯಾರೆ ಯಾರಿಗೂ ಸಹಿ ಮಾಡಾಕ ಬರಂಗಿಲ್ಲೇನು?"

ಬರುತ್ತಿತ್ತು. ಬೇರೆಯವರಿಗೆ ಬಿಟ್ಟುಕೊಡಬೇಕಾದರೆ ಒಂದು ಕಾರಣ ಹೇಳಬೇಕಿತ್ತು. ಆ ಕಾರಣವನ್ನು ಅವಳು ಅವನಿಗೇ ಹೇಳಿರಲಿಲ್ಲ.

ಸೋಮವಾರದ ಸಭೆಗೆ ಮೂರೂ ಕಂಪನಿಯವರು ಬಂದು ಹೊರಗಿನ ಓಣಿಯಲ್ಲಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ಕೆಲಸ ವಿವರಿಸಬೇಕಿತ್ತು. ಪಂಚಾಕ್ಷರಿಯವರು ಕನ್ನಡಕ ಒರೆಸಿಕೊಳ್ಳುತ್ತ ತಮ್ಮ ಪ್ರಶ್ನೆ ಕೇಳಿದರು. ಎಲ್ಲರೂ "ಇಲ್ಲ ಸಾರ್" ಅಂದರು. ಒಂದು ದನಿ ತಡವಾಗಿ ಬಂತು.

"ಇದೆ ಸಾರ್."

ಬಾಗಿಲಲ್ಲಿ ಬಿಸ್ಕತ್ತಿನ ತಟ್ಟೆ ನಿಂತಿತು. ಪಂಚಾಕ್ಷರಿಯವರು ಕನ್ನಡಕ ಹಾಕಿಕೊಂಡರು. "ಯಾರ ಜೊತೆ?"

"ಅಮರೇಶ್ ಅವರ ಜೊತೆ."

"ಅಣ್ಣನಾ, ತಮ್ಮನಾ?"

"ಅಲ್ಲ ಸಾರ್."

"ದೂರದ ನೆಂಟರಾ? ವ್ಯವಹಾರ ಏನಾದ್ರೂ?"

"ಎರಡೂ ಅಲ್ಲ."

"ಅಯ್ಯೋ, ಮತ್ತೆ ಸಂಬಂಧ ಇಲ್ವಲ್ಲಮ್ಮ!" ನಿರ್ದೇಶಕರಿಗೆ ಜೀವ ಬಂತು. "ಇಲ್ಲ ಅಂತ ಬರ್ಕೊಳ್ಳಿ ಶ್ಯಾಮಣ್ಣ."

"ಇದೆ ಅಂತ ಬರ್ಕೊಳ್ಳಿ," ಅಂದಳು ನಿವೇದಿತಾ.

ಶ್ಯಾಮಣ್ಣ ಪೆನ್ನೆತ್ತಿ ಕೂತ. "ಏನಂತ ಬರೀಲಿ ಮೇಡಂ? ಇಂಥ ಸಂಬಂದ ಅಂತ ಆಕ್ಬೇಕಲ್ಲ."

ಮನೆಯಲ್ಲಿ ತಯಾರು ಮಾಡಿಕೊಂಡಿದ್ದ ಸರ್ಕಾರಿ ವಾಕ್ಯ ಬಾಯಿಗೆ ಬರಲಿಲ್ಲ. "ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತಿದ್ರು," ಅಂದಳು. "ಟೆಂಡರ್ ಬಂದ ಮೇಲೆ ನಾನೇ ಬರಬೇಡಿ ಅಂದೆ. ಬರ್ತಾ ಇಲ್ಲ. ಬರ್ಲಿ ಅಂತ ಕಾಯ್ತಾ ಇದೀನಿ. ಇಷ್ಟೇ ಸಾರ್."

ಉಮಾಶ್ರೀ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸುಮ್ಮನೆ ಒಂದಿಂಚು ಆಚೆಗೆ ಸರಿಸಿದರು.

"ಇದನ್ನ ಮೊದಲೇ ಹೇಳಬೇಕಿತ್ತು," ಅಂದರು ಪಂಚಾಕ್ಷರಿ.

"ಹೌದು ಸಾರ್. ಮಾತು ಬಿಟ್ಟರೆ ಸಾಕು ಅಂದ್ಕೊಂಡಿದ್ದೆ. ಅಂಕ ಹಾಕುವಾಗ ಸಾಲಲ್ಲ ಅಂತ ಗೊತ್ತಾಯ್ತು. ನನ್ನ ಅಂಕ ತಗೋಬೇಡಿ. ಉಮಾಶ್ರೀ ಮೇಡಂ ಪೂರ್ತಿ ಜೊತೆಗಿದ್ರು, ಅವರು ಹಾಕಲಿ."

"ಈ ಯೋಜನೆ ನಿಮ್ಮದು. ಈಗ ಎದ್ದರೆ ಮುಂದೆ ಎಲ್ಲ ಪ್ರಯೋಗಾಲಯಕ್ಕೂ ಹೋಗುವಾಗಲೂ ನೀವು ಇರೋ ಹಾಗಿಲ್ಲ. ಅದು ಗೊತ್ತಲ್ಲ?"

ಗೊತ್ತಿತ್ತು. ತನ್ನ ಅಂಕದ ಹಾಳೆಗಳನ್ನು ಮಡಚಿಕೊಂಡಳು. "ಗೊತ್ತು ಸಾರ್." ಎದ್ದು ನಿಂತಳು. "ಉಮಾಶ್ರೀ ಮೇಡಂ, ಆ ತಪ್ಪು ಲೇಬಲ್ಲಿನ ಬಾಟಲಿ..."

"ನಿವೇದಿತಾ," ಅಂದರು ನಿರ್ದೇಶಕರು, ಗದರಿಸುವ ಹಾಗಲ್ಲ. "ನೀವು ಈಗ ಸಮಿತಿಯಲ್ಲಿಲ್ಲ."

ಅವಳು ಬಾಯಿ ಮುಚ್ಚಿಕೊಂಡಳು. ಶ್ಯಾಮಣ್ಣ ಬರೆಯುತ್ತ ತನಗೆ ತಾನೇ ಅಂದುಕೊಂಡ, "ವೈಯಕ್ತಿಕ ಕಾರಣ ಅಂತ ಆಕ್ತೀನಿ. ಆಡಿಟ್ನೋರ್ಗೆ ಊಟದ್ ಇಸ್ಯ ಯಾಕೆ."

ಓಣಿಯಲ್ಲಿ ಕಂಪನಿಯವರು ಕೂತ ಸಾಲು ಬಿಟ್ಟರೆ ಕೂರಲು ಬೇರೆ ಜಾಗವಿರಲಿಲ್ಲ. ತನ್ನ ಕೋಣೆಗೆ ಹೋಗಬಹುದಿತ್ತು, ಹೋಗಲಿಲ್ಲ. ಟೈ ಕಟ್ಟಿದ ಇಬ್ಬರು ಅವಳನ್ನು ಕಂಡು ಗಡಬಡಿಸಿ ಎದ್ದರು. ಒಬ್ಬ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು, "ಕೂತ್ಕೊಳ್ಳಿ ಮೇಡಂ," ಅಂದ. ಅದು ಅಮರೇಶನ ಪಕ್ಕದ ಕುರ್ಚಿ. ಕೂತಳು. ಅಮರೇಶ್ ಒಂದು ಸಲ ಅವಳನ್ನು, ಒಂದು ಸಲ ಮುಚ್ಚಿದ ಬಾಗಿಲನ್ನು ನೋಡಿದ. ಎದ್ದು ದೂರ ಹೋಗಬೇಕೋ ಎಂಬಂತೆ ಲ್ಯಾಪ್‌ಟಾಪನ್ನು ತೊಡೆಯಿಂದ ಎತ್ತಿಕೊಂಡ.

"ಇರಲಿ, ಕೂತ್ಕೊಳ್ಳಿ," ಅಂದಳು. "ನಾನೀಗ ಸಮಿತಿಯಲ್ಲಿಲ್ಲ."

"ಯಾಕೆ?"

"ಸಂಬಂಧ ಇದೆಯಾ ಅಂತ ಕೇಳಿದ್ರು."

ಅವನು ಲ್ಯಾಪ್‌ಟಾಪನ್ನು ಮೆಲ್ಲಗೆ ಮತ್ತೆ ತೊಡೆಯ ಮೇಲಿಟ್ಟುಕೊಂಡ. ಟೈ ಕಟ್ಟಿದವರಿಬ್ಬರೂ ಬಹಳ ಆಸಕ್ತಿಯಿಂದ ತಮ್ಮ ಮೊಬೈಲು ನೋಡುತ್ತಿದ್ದರು. ಹೊರಗೆ ಮೇಲ್ಸೇತುವೆಯ ವಾಹನಗಳ ಸದ್ದು ಬಂದು ಹೋಯಿತು.

"ನಿಮ್ಮ ಕೆಲಸ ಅದು," ಅಂದ ಕೊನೆಗೆ. "ಪೂರ್ತಿ ನಿಮ್ಮದು."

"ಹೌದು."

"ಬೇಕಿರಲಿಲ್ಲ. ನಾನೇ ಟೆಂಡರ್ ವಾಪಸ್ ತಗೋತಿದ್ದೆ. ಎಷ್ಟೋ ಸಲ ತಗೋಬೇಕು ಅನ್ನಿಸ್ತು."

"ಅದು ಗೊತ್ತಾಗಿದ್ರೆ ವಾಪಸ್ ತಗೊಳ್ಳಿ ಅಂತಿದ್ದೆನೋ ಏನೋ. ಅದಕ್ಕೇ ನಿಮ್ಮನ್ನ ಏನೂ ಕೇಳ್ಲಿಲ್ಲ."

ಅವನು ತಲೆ ತಗ್ಗಿಸಿ ನಕ್ಕ. ಅಷ್ಟು ಹತ್ತಿರದಿಂದ ಆ ನಗು ನೋಡಿ ಎಷ್ಟು ಕಾಲವಾಗಿತ್ತೋ. "ಅಮ್ಮ ಹೆಂಗದಾರೆ?"

"ದಿನಾ ನಿಮ್ಮನ್ನ ಕೇಳ್ತಾರೆ."

"ನೀವು?"

ಬಾಗಿಲು ತೆರೆಯಿತು. ಶ್ಯಾಮಣ್ಣ ತಲೆ ಹೊರಹಾಕಿ ಅಮರೇಶನ ಕಂಪನಿಯ ಹೆಸರು ಕೂಗಿದ. ಇಬ್ಬರನ್ನೂ ಅಕ್ಕಪಕ್ಕ ಕಂಡು, ಕೂಗಿದ್ದು ತಪ್ಪಾಯಿತೇನೋ ಎಂಬಂತೆ ದನಿ ತಗ್ಗಿಸಿದ. "ಬರ್ಬೇಕಂತೆ ಸಾರ್. ನಿದಾನುಕ್ಕೆ ಬನ್ನಿ."

ಅಮರೇಶ್ ಎದ್ದ. ಉತ್ತರಕ್ಕೆ ನಿಂತ.

"ಹೋಗಿ," ಅಂದಳು. "ನಾನಾದ್ರೆ ಕೇಳೋಕೂ ಧೈರ್ಯ ಇಲ್ಲದೆ ಕಿಟಕೀಲಿ ನಿಮ್ಮ ಮನೆ ದೀಪ ನೋಡ್ತಿದ್ದೆ. ಹೋಗಿ, ಕರೀತಿದಾರೆ."

ಬಾಗಿಲು ಮುಚ್ಚಿತು. ಆರ್ಡರ್ ಯಾರಿಗಾಗುತ್ತದೋ, ಉಮಾಶ್ರೀ ಆ ಬಾಟಲಿಯನ್ನು ನೆನಪಿಟ್ಟಿದ್ದಾರೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಒಳಗೆ ಯಾರೋ ಏನೋ ಕೇಳಿದರು. ಅಮರೇಶನ ದನಿ ಶುರುವಾಯಿತು. ಮರದ ಬಾಗಿಲಿನಾಚೆ ಮಾತುಗಳು ಬಿಡಿಬಿಡಿಯಾಗಿ ಕೇಳಿಸುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳುತ್ತಿತ್ತು. ಅವಳು ಗೋಡೆಗೆ ತಲೆಯಾನಿಸಿ ಕೇಳುತ್ತ ಕೂತಳು. ಆ ದನಿಗೆ ಇನ್ನು ಅವಳು ಅಂಕ ಹಾಕಬೇಕಾಗಿರಲಿಲ್ಲ.